ವಿಷಾದಿಸುವವರು ಯಾರು?

ರೈಲು ತಡವಾದರೆ ಅಹಮದಾಬಾದಿನ ಕಾಲೂಪುರ ಸ್ಟೇಷನ್ನಿನಲ್ಲಿ ಆ ಸುದ್ದಿಯನ್ನು ಗುಜರಾತಿ, ಹಿಂದಿ, ಇಂಗ್ಲಿಷು ಹೀಗೆ ಮೂರು ಭಾಷೆಗಳಲ್ಲಿ ಹೇಳುತ್ತಾರೆ. ಹಿಂದಿಯ ದನಿ 'ಹಮೇ ಖೇದ್ ಹೈ' ಅನ್ನುತ್ತದೆ. ನಮಗೆ ಖೇದವಿದೆ ಅಂತ. ಸರಿ, 'ನಾವು' ಅನ್ನುವವರು ಯಾರೋ ಆ ಕಡೆ ಕೂತಿದ್ದಾರೆ, ಅವರಿಗೆ ಖೇದವೂ ಆಗಿದೆ ಅಂದುಕೊಂಡು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಇಂಗ್ಲಿಷಿನ ಸರದಿ ಬರುತ್ತದೆ. 'ದಿ ಇನ್‌ಕನ್ವೀನಿಯನ್ಸ್ ಕಾಸ್ಡ್ ಈಸ್ ಡೀಪ್ಲಿ ರಿಗ್ರೆಟೆಡ್.' ಉಂಟಾದ ಅನಾನುಕೂಲವು ಆಳವಾಗಿ ವಿಷಾದಿಸಲ್ಪಟ್ಟಿದೆ! ಉಂಟು ಮಾಡಿದವರು ಯಾರು, ವಿಷಾದಿಸುತ್ತಿರುವವರು ಯಾರು, ಎರಡೂ ತಿಳಿಯುವುದಿಲ್ಲ. ಒಂದೇ ಉಸಿರಿನಲ್ಲಿ 'ನಾವು' ಮಾಯವಾಗಿರುತ್ತೇವೆ.

ನಿಮ್ಮಲ್ಲಿ ನನ್ನ ವಯಸ್ಸಿನವರಿಗೆ ದೂರದರ್ಶನದ ಹಳೆಯ ಕಾಲ ನೆನಪಿರಬೇಕು. ಕಾರ್ಯಕ್ರಮ ನಡುವೆ ನಿಂತರೆ ಹಿಂದಿಯಲ್ಲಿ 'ರುಕಾವಟ್ ಕೇ ಲಿಯೇ ಖೇದ್ ಹೈ' ಎಂದು ಬರುತ್ತಿತ್ತು. ಕನ್ನಡದಲ್ಲಿ 'ಅಡಚಣೆಗಾಗಿ ಕ್ಷಮಿಸಿ'. ಅದೇ ಪರದೆ, ಅದೇ ಸರಕಾರ. ಆದರೆ ಹಿಂದಿಯವನು ತನಗೆ ಬೇಸರವಾಗಿದೆ ಎಂದು ತಿಳಿಸಿ ಸುಮ್ಮನಾಗುತ್ತಿದ್ದ. ಕನ್ನಡದವನು ನಮ್ಮ ಎದುರು ನಿಂತು ಏನನ್ನೋ ಕೇಳುತ್ತಿದ್ದ. ಕ್ಷಮಿಸುವುದೋ ಬಿಡುವುದೋ ನಮ್ಮ ಮರ್ಜಿಯಾಗಿತ್ತು. ಆಗ ಇದನ್ನೆಲ್ಲ ಯಾರು ಯೋಚಿಸುತ್ತಿದ್ದರು! ಆಂಟೆನಾ ತಿರುಗಿಸಲು ಮಾಳಿಗೆ ಹತ್ತುವುದೇ ದೊಡ್ಡ ಕೆಲಸವಾಗಿತ್ತು.

ಇದನ್ನು ಯೋಚಿಸುವ ಪ್ರಸಂಗ ನನಗೆ ಬಂದದ್ದು ಹೊಟ್ಟೆಪಾಡಿನಿಂದ. ನಾನು ಧಾರವಾಡದ ಕಡೆಯವನು. 1994ರಲ್ಲಿ ಸೂರತ್ತಿಗೆ ಪ್ಲೇಗು ಬಂದು, ಲಕ್ಷಾಂತರ ಜನ ಊರು ಬಿಟ್ಟು ಓಡಿದ್ದರಲ್ಲ, ಅದಾದ ಮೂರು ತಿಂಗಳಿಗೆ ಅದೇ ಊರಿನಲ್ಲಿ ನನಗೆ ಕೆಲಸ ಸಿಕ್ಕಿತು. 'ಜಗತ್ತೆಲ್ಲಾ ಬಿಟ್ಟು ಅಲ್ಲಿಗ್ಯಾಕ ಹೊಂಟೀಯೋ' ಎಂದು ಮನೆಯಲ್ಲಿ ಅತ್ತರು. ಕೆಲಸವೆಂದರೆ ಇಂಗ್ಲಿಷಿನಲ್ಲಿ ಪತ್ರ ಬರೆಯುವುದು. ಗುಜರಾತಿನ ವ್ಯಾಪಾರಿಗೆ ಲೆಕ್ಕ ಬರುತ್ತದೆ, ಮಾತು ಬರುತ್ತದೆ, ಧೈರ್ಯವಂತೂ ಹುಟ್ಟಿನಿಂದಲೇ ಬಂದಿರುತ್ತದೆ. ಇಂಗ್ಲಿಷ್ ಪತ್ರ ಮಾತ್ರ 'ಮದ್ರಾಸಿ' ಬರೆದರೆ ಚೆಂದ ಎಂಬ ನಂಬಿಕೆ ಆಗ ಗಟ್ಟಿಯಾಗಿತ್ತು. ನಾನು ಮದ್ರಾಸಿಯಲ್ಲ ಎಂದು ಒಂದು ವರ್ಷ ಹೇಳಿದೆ, ಆಮೇಲೆ ಬಿಟ್ಟೆ. ಸೂರತ್ತಿನಲ್ಲಿ ಕೆಲವು ವರ್ಷ, ವಡೋದರಾದಲ್ಲಿ ಹೆಚ್ಚು ವರ್ಷ, ಈಗ ಅಹಮದಾಬಾದು. ಮೂರೂ ಊರುಗಳಲ್ಲಿ ನನ್ನ ಪೆನ್ನಿನಿಂದ ಅತಿ ಹೆಚ್ಚು ಸಲ ಹೊರಬಿದ್ದ ಕ್ರಿಯಾಪದ ಇದೇ ಇರಬೇಕು: ರಿಗ್ರೆಟ್.

ಈ ಪದವನ್ನು ಸರಿಯಾಗಿ ಬಳಸುವುದು ಕಾಣುವಷ್ಟು ಸುಲಭವಲ್ಲ. ಮೊದಲನೆಯದಾಗಿ ಅದಕ್ಕೆ 'ಫಾರ್' ಬೇಡ. 'ವಿ ರಿಗ್ರೆಟ್ ಫಾರ್ ದಿ ಡಿಲೇ' ಎಂದು ನಮ್ಮ ದೇಶದ ಅರ್ಧ ಕಚೇರಿಗಳು ಬರೆಯುತ್ತವೆ. 'ರಿಗ್ರೆಟ್ ದಿ ಡಿಲೇ' ಅಂದರೆ ಮುಗಿಯಿತು. 'ಅಪಾಲಜೈಸ್'ಗೆ ಮಾತ್ರ 'ಫಾರ್' ಬೇಕು. ಆಮೇಲೆ ಇನ್ನೊಂದು ಸೂಕ್ಷ್ಮ. 'ಐ ರಿಗ್ರೆಟ್ ಟು ಇನ್‌ಫಾರ್ಮ್ ಯು' ಅಂದರೆ ಈಗ ಕೆಟ್ಟ ಸುದ್ದಿ ಹೇಳಲಿದ್ದೇನೆ, ಹೇಳಬೇಕಾಗಿ ಬಂದದ್ದಕ್ಕೆ ನೋವಿದೆ ಎಂದರ್ಥ. 'ಐ ರಿಗ್ರೆಟ್ ಇನ್‌ಫಾರ್ಮಿಂಗ್ ಯು' ಅಂದರೆ ನಿನಗೆ ಅದನ್ನು ಹೇಳಿಬಿಟ್ಟೆನಲ್ಲ, ಹೇಳಬಾರದಿತ್ತು ಎಂದರ್ಥ. 'ಟು' ಮುಂದಿನದಕ್ಕೆ, 'ಇಂಗ್' ಹಿಂದಿನದಕ್ಕೆ. ಮಾಡುವ ಮೊದಲಿನ ವಿಷಾದ, ಮಾಡಿದ ಮೇಲಿನ ವಿಷಾದ. ನಮ್ಮ ಅರ್ಜುನನದು ಮೊದಲನೆಯ ಜಾತಿ. ಗೀತೆಯ ಮೊದಲ ಅಧ್ಯಾಯಕ್ಕೆ ವಿಷಾದಯೋಗವೆಂದು ಹೆಸರು. ಇನ್ನೂ ಒಂದು ಬಾಣವೂ ಬಿಟ್ಟಿರಲಿಲ್ಲ.

ಆದರೆ ನನ್ನನ್ನು ಬಹಳ ವರ್ಷ ಕಾಡಿದ ವ್ಯಾಕರಣ ಇವೆರಡೂ ಅಲ್ಲ. 'ಅಪಾಲಜೈಸ್' ಮಾಡಿದರೆ ಯಾರಿಗೆ ಎಂಬುದನ್ನು ಹೇಳಬಹುದು: 'ಅಪಾಲಜೈಸ್ ಟು ಯು'. ಆ ಕ್ರಿಯೆಗೆ ಎದುರಿಗೊಬ್ಬ ಮನುಷ್ಯ ಬೇಕು. ರಿಗ್ರೆಟ್‌ಗೆ ಆ ಜಾಗವೇ ಇಲ್ಲ. ಯಾರಿಗೂ ರಿಗ್ರೆಟ್ ಮಾಡಲು ಬರುವುದಿಲ್ಲ. ಒಂಟಿಯಾಗಿ ಕಿಟಕಿಯ ಹತ್ತಿರ ಕೂತು ಮಾಡುವ ಕೆಲಸ ಅದು. ಮೂಲದಲ್ಲಿ ಅದು ಹಳೆಯ ಫ್ರೆಂಚಿನಿಂದ ಬಂದದ್ದು, ಸತ್ತವರಿಗಾಗಿ ಗೋಳಾಡುವುದು ಎಂಬ ಅರ್ಥವಿತ್ತಂತೆ. ಸತ್ತವರು ಉತ್ತರ ಕೊಡುವುದಿಲ್ಲ. ಇನ್ನು 'ಅಪಾಲಜಿ' ಗ್ರೀಕಿನದು, ಅಲ್ಲಿ ಅದರ ಅರ್ಥ ಕೋರ್ಟಿನಲ್ಲಿ ಮಾಡುವ ಸಮರ್ಥನೆ. ಪ್ಲೇಟೋ ಬರೆದ 'ಅಪಾಲಜಿ'ಯಲ್ಲಿ ಸಾಕ್ರಟೀಸ ಯಾರ ಕ್ಷಮೆಯನ್ನೂ ಕೇಳುವುದಿಲ್ಲ. ಹೀಗೆ ಸಮರ್ಥನೆಯಾಗಿದ್ದ ಪದ ಕ್ಷಮೆ ಕೇಳುವುದಾಯಿತು, ಗೋಳಾಟವಾಗಿದ್ದ ಪದ ಕಚೇರಿಯ ಮುದ್ರೆಯಾಯಿತು.

1999ರ ಮಳೆಗಾಲ. ಸೂರತ್ತಿನ ಪಾಂಡೇಸರಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಮಿಲ್ಲುಗಳು ಸಾಲಾಗಿವೆ. ಅವುಗಳಲ್ಲೊಂದರಲ್ಲಿ ಕೆಲಸಕ್ಕಿದ್ದ ಇಪ್ಪತ್ತೆರಡು ವರ್ಷದ ಹುಡುಗನೊಬ್ಬನ ಬಲಗೈ, ಒದ್ದೆ ಬಟ್ಟೆಯನ್ನು ಹಿಂಡುವ ಜೋಡಿ ರೋಲರಿನ ನಡುವೆ ಸಿಕ್ಕಿತು. ನಾಲ್ಕು ಬೆರಳು ಹೋದವು. ಅವರು ಅಕ್ಕಲಕೋಟೆ ಕಡೆಯ ಕನ್ನಡದ ಜನ. ಸೊಲ್ಲಾಪುರದಲ್ಲಿ ಮಗ್ಗದ ಕೆಲಸ ನಿಂತಮೇಲೆ ಸೂರತ್ತಿಗೆ ಬಂದವರು. ನಮ್ಮ ಕಚೇರಿಯ ಪಟಾವಾಳಾ, ಅಂದರೆ ಜವಾನ, ಅವರ ಚಾಳಿನಲ್ಲೇ ಇದ್ದ. ಇಂಗ್ಲಿಷೂ ಬರುವ ಕನ್ನಡವೂ ಬರುವ ಮನುಷ್ಯ ಇಂಥಲ್ಲಿದ್ದಾನೆ ಎಂದು ಅವನೇ ಹೇಳಿ, ಒಂದು ರವಿವಾರ ಹುಡುಗನ ತಾಯಿಯನ್ನು ಕರೆದುಕೊಂಡು ಬಂದ. ಆಕೆಯ ಕೈಯಲ್ಲಿ ಮಿಲ್ಲಿನಿಂದ ಬಂದ ಪತ್ರ, ಅದಕ್ಕೆ ಪಿನ್ನು ಹಾಕಿದ ಚೆಕ್ಕು.

'ಸಾಹೇಬ್ರ, ಇದ್ರಾಗ ಏನ್ ಬರದಾರ ನೋಡಿ ಹೇಳ್ರಿ. ರೊಕ್ಕದ್ದು ತಿಳೀತು. ಮ್ಯಾಲಿಂದ ತಿಳೀಲಿಲ್ಲ.'

ಮೇಲಿನದು ಒಂದೇ ಸಾಲು. 'ದಿ ಅನ್‌ಫಾರ್ಚುನೇಟ್ ಇನ್ಸಿಡೆಂಟ್ ಈಸ್ ಡೀಪ್ಲಿ ರಿಗ್ರೆಟೆಡ್.' ಬರೆದವನು ನನ್ನಂಥವನೇ ಇನ್ನೊಬ್ಬ, ವ್ಯಾಕರಣ ಸರಿಯಾಗಿತ್ತು. 'ಫಾರ್' ಹಾಕಿರಲಿಲ್ಲ. ಟಿ ಎರಡು ಇದ್ದವು. ನಾನು ಅದನ್ನು ಕನ್ನಡಕ್ಕೆ ತಿರುಗಿಸಿದೆ: 'ಆದ ಅನಾಹುತಕ್ಕ ಭಾಳ ವಿಷಾದ ಆಗೇದ ಅಂತ ಬರದಾರವ್ವಾ.'

'ಯಾರಿಗೆ?'

ನಾನು ಪತ್ರವನ್ನು ಮತ್ತೊಮ್ಮೆ ನೋಡಿದೆ. ಕೆಳಗೆ ಓದಲಾಗದ ಒಂದು ಸಹಿ, 'ಫಾರ್' ಎಂದು ಬರೆದು ಮಿಲ್ಲಿನ ಹೆಸರಿನ ರಬ್ಬರ್ ಸ್ಟಾಂಪು. ಯಾರಿಗೆ ವಿಷಾದ ಎಂಬುದು ಅಲ್ಲಿರಲಿಲ್ಲ. 'ಅವರಿಗೆ' ಎಂದು ಹೇಳಿದರೆ ಪತ್ರದಲ್ಲಿ ಇಲ್ಲದ್ದನ್ನು ಸೇರಿಸಿದ ಹಾಗೆ. ಇಲ್ಲಿ ಅನುವಾದಕನ ಧರ್ಮ ಯಾವುದು ಎಂದು ನೀವೇ ಹೇಳಿ. ನೊಂದ ಜೀವಕ್ಕೆ ಒಂದು ಕರ್ತೃಪದ ದಾನ ಮಾಡುವುದೋ, ಇಲ್ಲದ್ದನ್ನು ಇಲ್ಲವೆಂದೇ ಹೇಳುವುದೋ? ನಾನು ಇದ್ದದ್ದನ್ನೇ ಹೇಳಿದೆ. 'ಯಾರಿಗೆ ಅಂತ ಬರದಿಲ್ಲವ್ವಾ.' ಆಕೆಗೆ ಆಶ್ಚರ್ಯವೇನೂ ಆಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ದು ಬೇರೆಯೇ.

'ತಮ್ಮಾ, ಆ ಮಿಷನ್ ಇನ್ನೂ ಹಂಗs ನಡದೈತೇನು?'

ಮಗನ ಜಾಗಕ್ಕೆ ಆಗಲೇ ಬೇರೊಬ್ಬ ಹುಡುಗ ಬಂದಿದ್ದನಂತೆ. ಅವನೂ ಅದೇ ಚಾಳಿನವನು.

ಅವತ್ತೇ ಉತ್ತರ ಬರೆಯಬೇಕೆಂದು ಆಕೆ ಹಟ ಹಿಡಿದಳು. ಇಂಥ ಪತ್ರಗಳಿಗೆ ನಮ್ಮಲ್ಲೊಂದು ಧಾಟಿ ಇದೆ: 'ಐ ಬೆಗ್ ಟು ಸ್ಟೇಟ್' ಎಂದು ಶುರುಮಾಡಿ 'ಕೈಂಡ್ಲಿ ಡು ದಿ ನೀಡ್‌ಫುಲ್' ಎಂದು ಮುಗಿಸುವುದು. ಭಿಕ್ಷೆಯಿಂದ ಆರಂಭ, ಕೃಪೆಯಲ್ಲಿ ಮುಕ್ತಾಯ. ಆಕೆ ಹೇಳಿದ ಮಾತಿನಲ್ಲಿ ಎರಡೂ ಇರಲಿಲ್ಲ, ಹಾಗಾಗಿ ನಾನೂ ಹಾಕಲಿಲ್ಲ. ಎರಡೇ ಪ್ರಶ್ನೆ ಬರೆದೆ: ವಿಷಾದಿಸುತ್ತಿರುವವರು ಯಾರು, ಆ ರೋಲರಿಗೆ ಈಗ ಜಾಳಿ ಹಾಕಿದೆಯೋ ಇಲ್ಲವೋ. ಆಕೆ ಹೆಬ್ಬೆಟ್ಟು ಒತ್ತಿದಳು. ರಜಿಸ್ಟರ್ ಎ.ಡಿ. ಮಾಡಿ ಕಳಿಸಿದೆವು. ಗುಲಾಬಿ ಬಣ್ಣದ ಕಾರ್ಡು ಸಹಿಯಾಗಿ ವಾಪಸು ಬಂತು, ಉತ್ತರ ಬರಲಿಲ್ಲ.

ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 21ನೇ ಕಲಮು ಯಂತ್ರದ ಅಪಾಯದ ಭಾಗಗಳಿಗೆ ಆವರಣ ಇರಲೇಬೇಕೆನ್ನುತ್ತಿತ್ತು. 1923ರ ಕಾರ್ಮಿಕರ ಪರಿಹಾರ ಕಾಯ್ದೆ ಇನ್ನೂ ವಿಚಿತ್ರ. ಕೆಲಸ ಮಾಡುವಾಗ ಕೆಲಸದಿಂದಲೇ ಗಾಯವಾದರೆ ಧಣಿ ಪರಿಹಾರ ಕೊಡಬೇಕು, ಅವನ ತಪ್ಪನ್ನು ಕಾರ್ಮಿಕ ಸಾಬೀತು ಮಾಡಬೇಕಾಗಿಲ್ಲ. ಇದು ಕಾರ್ಮಿಕನಿಗೆ ದೊಡ್ಡ ಉಪಕಾರವೇ. ವರ್ಷಗಟ್ಟಲೆ ಕೋರ್ಟಿಗೆ ಅಲೆದು ತಪ್ಪು ತೋರಿಸುವ ಕಷ್ಟ ತಪ್ಪುತ್ತದೆ. ಆದರೆ ಅದರ ಇನ್ನೊಂದು ಮಗ್ಗುಲನ್ನು ನಾನು ಆ ತಾಯಿಯ ಕೈಯಲ್ಲಿ ನೋಡಿದೆ. ತಪ್ಪಿನ ಮಾತೇ ಬೇಡದ ಹಣ, ಕರ್ತೃವೇ ಬೇಡದ ವಿಷಾದ, ಎರಡನ್ನೂ ಒಂದೇ ಪಿನ್ನು ಹಿಡಿದುಕೊಂಡಿತ್ತು.

ಬರ್ನಾರ್ಡ್ ವಿಲಿಯಮ್ಸ್ ಎಂಬ ಇಂಗ್ಲಿಷ್ ತತ್ವಜ್ಞಾನಿ 1976ರಲ್ಲಿ ನೈತಿಕ ಅದೃಷ್ಟದ ಬಗ್ಗೆ ಬರೆದ ಲೇಖನದಲ್ಲಿ ಒಬ್ಬ ಲಾರಿ ಚಾಲಕನ ಉದಾಹರಣೆ ಕೊಡುತ್ತಾನೆ. ಚಾಲಕನ ತಪ್ಪು ಏನೇನೂ ಇಲ್ಲ, ಆದರೂ ಅವನ ಲಾರಿಗೆ ಸಿಕ್ಕು ಒಂದು ಮಗು ಸಾಯುತ್ತದೆ. ದಾರಿಯಲ್ಲಿ ನಿಂತು ನೋಡಿದವರಿಗೂ ವಿಷಾದವಾಗುತ್ತದೆ, ಚಾಲಕನಿಗೂ ಆಗುತ್ತದೆ. ಆದರೆ ಎರಡೂ ಒಂದೇ ಅಲ್ಲ. 'ನಿನ್ನದೇನೂ ತಪ್ಪಿಲ್ಲಪ್ಪಾ' ಎಂದು ನಾವೆಲ್ಲ ಚಾಲಕನಿಗೆ ಸಮಾಧಾನ ಹೇಳುತ್ತೇವೆ, ಹೇಳಲೇಬೇಕು. ಆದರೆ ಅವನು ಆ ಮಾತನ್ನು ಥಟ್ಟನೆ ಒಪ್ಪಿ, ಕೈ ತೊಳೆದು ಊಟಕ್ಕೆ ಕೂತರೆ ಅವನ ಬಗ್ಗೆ ನಮಗೇ ಏನೋ ಅನುಮಾನ ಬರುತ್ತದೆ. ಮಾಡಿದವನ ವಿಷಾದಕ್ಕೂ ನೋಡಿದವನ ವಿಷಾದಕ್ಕೂ ಇರುವ ಅಂತರ ಇದು. ನನ್ನ ದೃಷ್ಟಿಯಲ್ಲಿ 'ಈಸ್ ರಿಗ್ರೆಟೆಡ್' ಎಂಬ ವಾಕ್ಯ ಮಾಡುವ ಕೆಲಸ ಇಷ್ಟೇ: ಲಾರಿ ಓಡಿಸಿದವನನ್ನು ಮೆಲ್ಲಗೆ ಇಳಿಸಿ, ದಾರಿಯಲ್ಲಿ ನಿಂತು ನೋಡುವವರ ನಡುವೆ ನಿಲ್ಲಿಸುವುದು.

ವಡೋದರಾಕ್ಕೆ ಹೋದಮೇಲೆ ನನ್ನ ಮಟ್ಟಿಗೆ ಒಂದು ಪದ್ಧತಿ ಮಾಡಿಕೊಂಡೆ. ಅಲ್ಲಿಯ ಕಚೇರಿ ದೊಡ್ಡದು, ದೂರಿನ ಪತ್ರಗಳು ದಿನಾ ಬರುತ್ತಿದ್ದವು. ನಮ್ಮ ಕೈಮೀರಿ ಆದದ್ದಕ್ಕೆ 'ವಿ ರಿಗ್ರೆಟ್', ನಮ್ಮಿಂದ ಆದದ್ದಕ್ಕೆ 'ವಿ ಅಪಾಲಜೈಸ್', ಕರ್ತೃವಿಲ್ಲದ ವಾಕ್ಯ ಯಾವುದಕ್ಕೂ ಇಲ್ಲ. ಕಾನೂನು ಸಲಹೆಗಾರರು ಒಪ್ಪಲಿಲ್ಲ. 'ಅಪಾಲಜೈಸ್ ಅಂದರೆ ತಪ್ಪೊಪ್ಪಿಗೆ ಆಗ್ತದೆ ಭಾಯ್, ನಾಳೆ ಕೋರ್ಟಿನಲ್ಲಿ ಇದನ್ನೇ ಹಿಡೀತಾರೆ' ಎಂದರು. ಅವರ ಮಾತು ಪೂರಾ ತೆಗೆದುಹಾಕುವಂಥದ್ದಲ್ಲ. ಒಪ್ಪಿಕೊಂಡ ಮಾತು ಸಾಕ್ಷ್ಯವಾಗುತ್ತದೆ, 1872ರ ಸಾಕ್ಷ್ಯ ಕಾಯ್ದೆಯ ಕಾಲದಿಂದಲೂ. ಈ ಹೆದರಿಕೆಗೆ ಮದ್ದೆಂದೇ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ 2006ರಲ್ಲಿ ಒಂದು ಕಾಯ್ದೆ ಮಾಡಿದರು: ಕ್ಷಮೆ ಕೇಳಿದ್ದನ್ನು ತಪ್ಪೊಪ್ಪಿಗೆ ಎಂದು ಕೋರ್ಟಿನಲ್ಲಿ ಬಳಸುವ ಹಾಗಿಲ್ಲ. ಒಳ್ಳೆಯ ಉದ್ದೇಶವೇ. ಆದರೆ ಏನನ್ನೂ ಪಣಕ್ಕಿಡದೆ ಕೇಳುವ ಕ್ಷಮೆ ಎಷ್ಟು ತೂಗುತ್ತದೆ ಎಂಬ ಪ್ರಶ್ನೆ ಅಲ್ಲಿಗೂ ಹಿಂಬಾಲಿಸಿ ಹೋಗುತ್ತದೆ. ನಮ್ಮ ಕಚೇರಿಯಲ್ಲಿ ಕೊನೆಗೆ ಒಂದು ರಾಜಿಯಾಯಿತು. 'ಅಪಾಲಜೈಸ್' ಹೋಯಿತು, 'ವಿ' ಉಳಿಯಿತು. ಆ ಒಂದಕ್ಷರಕ್ಕಾಗಿ ಜಗಳಾಡಿದ್ದು ನನ್ನ ನೌಕರಿಯ ದೊಡ್ಡ ಪರಾಕ್ರಮ ಎಂದು ಮನೆಯಲ್ಲಿ ಈಗಲೂ ತಮಾಷೆ ಮಾಡುತ್ತಾರೆ.

ವಡೋದರಾದ ರಾಜನಿಗೇ ಈ ಸಂಕಟ ಬಂದಿತ್ತು. 1911ರ ಡಿಸೆಂಬರಿನ ದಿಲ್ಲಿ ದರ್ಬಾರಿನಲ್ಲಿ ಮೂರನೆಯ ಸಯಾಜಿರಾವ್ ಗಾಯಕವಾಡರು ಐದನೆಯ ಜಾರ್ಜನ ಮುಂದೆ ಒಂದೇ ಸಲ ಬಾಗಿ, ಬೆನ್ನು ತಿರುಗಿಸಿ ಹೊರಟುಬಿಟ್ಟರು. ಕ್ಯಾಮೆರಾ ಅದನ್ನು ಹಿಡಿಯಿತು, ಲಂಡನ್ನಿನ ಪತ್ರಿಕೆಗಳು ಕೂಗಾಡಿದವು. ಮಹಾರಾಜರು ವೈಸರಾಯ್ ಹಾರ್ಡಿಂಜನಿಗೆ ಪತ್ರ ಬರೆಯಬೇಕಾಯಿತು: ಸನ್ನಿಧಿಯಲ್ಲಿ ಗಲಿಬಿಲಿಯಾಯಿತು, ಅಗೌರವದ ಉದ್ದೇಶವಿರಲಿಲ್ಲ, ಹೀಗೆ. ಪತ್ರ ಅಚ್ಚಾಗಿ ಎಲ್ಲರೂ ಓದಿದರು. ಅವರಿಗೆ ನಿಜವಾಗಿ ಏನನಿಸಿತ್ತೋ, ಸಂಸ್ಥಾನ ಉಳಿಯಬೇಕಾದರೆ ಕಾಗದದ ಮೇಲೆ ಅನಿಸಲೇಬೇಕಾಗಿತ್ತು. ಇದೇ ರಾಜರು ಮುಂದೆ, ಆಡಳಿತದ ಇಂಗ್ಲಿಷ್ ಪದಗಳಿಗೆಲ್ಲ ನಮ್ಮ ಭಾಷೆಗಳಲ್ಲಿ ಪದ ಬೇಕೆಂದು ದೊಡ್ಡದೊಂದು ಬಹುಭಾಷಾ ಕೋಶವನ್ನೇ ಮಾಡಿಸಿದರು, 1931ರಲ್ಲಿ ಬಂದ 'ಸಯಾಜಿ ಶಾಸನ ಶಬ್ದ ಕಲ್ಪತರು'. ಗುಜರಾತಿ, ಮರಾಠಿ, ಸಂಸ್ಕೃತ, ಉರ್ದು ಎಲ್ಲಾ ಇವೆ, ಕನ್ನಡ ಇಲ್ಲ. ಇರಲಿ, ಅವರೇನು ನಮ್ಮ ರಾಜರೇ?

ಅಹಮದಾಬಾದಿನದು ಬೇರೆ ಕತೆ. 1919ರಲ್ಲಿ ಅಲ್ಲಿನ ಕೆಲವು ವಕೀಲರು ಸತ್ಯಾಗ್ರಹದ ಪ್ರತಿಜ್ಞೆಗೆ ಸಹಿ ಹಾಕಿದರು. ಜಿಲ್ಲಾ ನ್ಯಾಯಾಧೀಶ ಕೆನಡಿ ಅವರ ಮೇಲೆ ದೂರಿ ಮುಂಬಯಿ ಹೈಕೋರ್ಟಿಗೆ ಪತ್ರ ಬರೆದ. ಆ ಪತ್ರ ಗಾಂಧಿಯ ಕೈಗೆ ಸಿಕ್ಕಿತು. ಆಗಸ್ಟ್ 6ರ 'ಯಂಗ್ ಇಂಡಿಯಾ'ದಲ್ಲಿ ಅವರು ಅದನ್ನು ಟೀಕೆಯ ಸಮೇತ ಅಚ್ಚು ಹಾಕಿದರು. ಹೈಕೋರ್ಟಿಗೆ ಸಿಟ್ಟು ಬಂತು, ಸಂಪಾದಕ ಗಾಂಧಿ, ಪ್ರಕಾಶಕ ಮಹಾದೇವ ದೇಸಾಯಿ ಇಬ್ಬರ ಮೇಲೂ ನ್ಯಾಯಾಂಗ ನಿಂದನೆ. ಮೊದಲು ಒಂದು ಸುಲಭದ ದಾರಿ ತೋರಿಸಿದರು: ಪತ್ರಿಕೆಯಲ್ಲಿ ಕ್ಷಮಾಪಣೆ ಅಚ್ಚು ಹಾಕಿದರೆ ಸಾಕು. ಅದರ ಒಕ್ಕಣೆಯನ್ನೂ ಕೋರ್ಟಿನ ಕಡೆಯಿಂದಲೇ ತಯಾರು ಮಾಡಿ ಕಳಿಸಿದರು. ಅದರ ಕರಡು ಬರೆದ ಗುಮಾಸ್ತ ಯಾರೋ, ನನ್ನ ಕುಲದವನು. ಗಾಂಧಿ ಒಪ್ಪಲಿಲ್ಲ. ಅಚ್ಚು ಹಾಕಿದ್ದು ಪತ್ರಕರ್ತನ ಕರ್ತವ್ಯವೆಂದು ನಾನು ನಂಬಿದ್ದೇನೆ, ಮನಸ್ಸಿನಲ್ಲಿ ಇಲ್ಲದ ವಿಷಾದವನ್ನು ಬಾಯಲ್ಲಿ ಹೇಳಬೇಕೆಂದು ನ್ಯಾಯಾಲಯವೂ ಬಯಸಲಾರದು ಎಂಬ ಅರ್ಥದ ಹೇಳಿಕೆ ಕೊಟ್ಟರು. 1920ರ ಮಾರ್ಚಿನಲ್ಲಿ ಮೂವರು ನ್ಯಾಯಮೂರ್ತಿಗಳು ಇಬ್ಬರನ್ನೂ ಕಟುವಾಗಿ ಛೀಮಾರಿ ಹಾಕಿ, ಎಚ್ಚರಿಸಿ ಬಿಟ್ಟರು. ಆಮೇಲೆ ಗಾಂಧಿ ತಮ್ಮ ಪತ್ರಿಕೆಯಲ್ಲಿ ಇದರ ಕಾರಣ ವಿವರಿಸಿದರು. ಕ್ಷಮೆ ದೇವರನ್ನು ಕೇಳಲಿ, ಮನುಷ್ಯನನ್ನು ಕೇಳಲಿ, ಆ ಕೆಲಸವನ್ನು ಮತ್ತೆ ಮಾಡುವುದಿಲ್ಲವೆಂಬ ಭರವಸೆ ಅದರೊಳಗೆ ಇರದಿದ್ದರೆ ಅದು ನಿಜವಾದ ಕ್ಷಮೆಯಲ್ಲ ಎಂಬುದು ಅವರ ವಾದ.

ನನಗೆ ಇದನ್ನು ಓದಿದಾಗ ಪಾಂಡೇಸರಾದ ತಾಯಿ ನೆನಪಾದಳು. ಮಿಷನ್ ಇನ್ನೂ ಹಂಗs ನಡದೈತೇನು ಎಂದು ಆಕೆ ಕೇಳಿದ್ದೂ ಅದನ್ನೇ ಅಲ್ಲವೇ? ವಿಷಾದವನ್ನು ಪರೀಕ್ಷಿಸುವುದು ಹೇಗೆಂದು ಆಕೆಗೆ ಯಾರೂ ಕಲಿಸಿರಲಿಲ್ಲ.

ಗಾಂಧಿಗೆ ತಪ್ಪೊಪ್ಪಿಕೊಳ್ಳುವುದು ಕಷ್ಟವಾಗಿತ್ತು ಎಂದು ತಿಳಿಯಬೇಡಿ. ಅದೇ 1919ರ ಏಪ್ರಿಲ್ ತಿಂಗಳು, ಅವರ ಬಂಧನದ ಸುದ್ದಿ ಕೇಳಿ ಅಹಮದಾಬಾದಿನಲ್ಲಿ ದಂಗೆಯಾಗಿ ಜೀವಗಳು ಹೋದಾಗ, ಜನರನ್ನು ತಯಾರು ಮಾಡದೆ ಸತ್ಯಾಗ್ರಹಕ್ಕೆ ಕರೆದೆ ಎಂದು ಮೂರು ದಿನ ಉಪವಾಸ ಮಾಡಿದ್ದರು. ನಡಿಯಾದಿನಲ್ಲಿ ಅದನ್ನು ಪರ್ವತದಷ್ಟು ದೊಡ್ಡ ತಪ್ಪು ಎಂದು ಬಹಿರಂಗವಾಗಿ ಹೇಳಿದರು. ಗುಜರಾತಿ ಆತ್ಮಕಥೆಯಲ್ಲಿ ಅದು 'ಪಹಾಡ್ ಜೇವಡೀ ಭೂಲ್'. ಕಲ್ಲು ಹೊಡೆದದ್ದು ಅವರಲ್ಲ, ಬೆಂಕಿ ಹಚ್ಚಿದ್ದು ಅವರಲ್ಲ. ಆದರೂ ಲಾರಿ ನಾನೇ ಓಡಿಸುತ್ತಿದ್ದೆ ಎಂದರು. ಹಾಗೆ ಹೇಳಬಲ್ಲವನು ಮಾತ್ರ ಇನ್ನೊಂದು ಕಡೆ 'ಇಲ್ಲ, ಇದಕ್ಕೆ ನನಗೆ ವಿಷಾದವಿಲ್ಲ' ಎನ್ನುವ ಅಧಿಕಾರ ಗಳಿಸುತ್ತಾನೆ ಎಂದು ನನಗನಿಸುತ್ತದೆ.

ಅದೇ ಏಪ್ರಿಲಿನ 13ಕ್ಕೆ ಜಲಿಯನ್‌ವಾಲಾ ಬಾಗ್. ನೂರು ವರ್ಷ ತುಂಬುವ ಹೊತ್ತಿಗೆ, 2019ರ ಏಪ್ರಿಲ್ 10ರಂದು, ಬ್ರಿಟನ್ನಿನ ಪ್ರಧಾನಿಯಾಗಿದ್ದ ತೆರೇಸಾ ಮೇ ಅಲ್ಲಿನ ಸಂಸತ್ತಿನಲ್ಲಿ ಎದ್ದುನಿಂತು ಆಡಿದ ಪದ ಇದೇ: 'ರಿಗ್ರೆಟ್'. ಆಳವಾಗಿ ರಿಗ್ರೆಟ್. ಆದದ್ದಕ್ಕೆ, ಜನ ಪಟ್ಟ ಕಷ್ಟಕ್ಕೆ. 'ಅಪಾಲಜಿ' ಬರಲಿಲ್ಲ. ಸಾಕಾಗಲಿಲ್ಲ ಎಂದು ವಿರೋಧ ಪಕ್ಷದವರು ಕೂಡಲೇ ಹೇಳಿದರು. ನಮ್ಮ ಪತ್ರಿಕೆಗಳು ಕೆಲವು 'ವಿಷಾದ' ಎಂದವು, ಕೆಲವು 'ಖೇದ'. ಒಂದು ದೇಶದ ವಿದೇಶಾಂಗ ಕಚೇರಿಯಲ್ಲೂ ನಮ್ಮ ವಡೋದರಾದ ಕಾನೂನು ಸಲಹೆಗಾರರಂಥವರು ಇರುತ್ತಾರೆ ಎಂಬುದು ಅವತ್ತು ನನಗೆ ಸ್ಪಷ್ಟವಾಯಿತು.

ಇಷ್ಟು ಓದಿ ಇಂಗ್ಲಿಷರು ಕಪಟಿಗಳು, ನಮ್ಮ ಭಾಷೆ ಮಾತ್ರ ಶುದ್ಧ ಎಂದುಕೊಂಡರೆ ಅದೂ ಸರಿಯಲ್ಲ. ಕೈಯಿಂದ ಲೋಟ ಜಾರಿದರೆ ನಾವು ಏನನ್ನುತ್ತೇವೆ? 'ಲೋಟ ಬಿತ್ತು.' ಗಾಜಿನದಾದರೆ 'ಒಡೀತು.' ತಾನಾಗಿಯೇ ಒಡೆದುಕೊಂಡ ಹಾಗೆ. 'ತಪ್ಪಾತು' ಎನ್ನುವುದರಲ್ಲೂ ತಪ್ಪು ಎಲ್ಲಿಂದಲೋ ಮಳೆ ಬಂದ ಹಾಗೆ ಬರುತ್ತದೆ. ಗುಜರಾತಿಗಳ 'ಭೂಲ್ ಥಯೀ ಗಯೀ' ಇದರ ಖಾಸಾ ತಂಗಿ. ಸರಕಾರಿ ಕನ್ನಡವಂತೂ 'ಕ್ರಮ ಕೈಗೊಳ್ಳಲಾಗುವುದು' ಎಂಬ ಒಂದು ಕ್ರಿಯಾಪದದ ಹಿಂದೆ ಇಡೀ ಇಲಾಖೆಯನ್ನು ಅಡಗಿಸಿಡಬಲ್ಲದು. ಆದರೆ ನಮ್ಮ ಕಡೆ 'ತಪ್ಪಾತು' ಎಂಬಲ್ಲಿಗೆ ಮಾತು ನಿಲ್ಲುವುದಿಲ್ಲ. 'ತಪ್ಪಾತ್ರೀ, ಹೊಟ್ಟ್ಯಾಗ ಹಾಕ್ಕೋರಿ' ಎನ್ನುತ್ತೇವೆ. ಆ ಎರಡನೆಯ ತುಂಡಿನಲ್ಲಿ ಎದುರಿನವರ ಹೊಟ್ಟೆ ಬಂತು. ಅವರು ಅದನ್ನು ನುಂಗಬೇಕು, ಜೀರ್ಣಿಸಿಕೊಳ್ಳಬೇಕು, ಸುಲಭದ ಕೆಲಸವಲ್ಲ ಎಂದು ಹೇಳುವವನಿಗೂ ಗೊತ್ತಿರುತ್ತದೆ. ದೇವರಿಗೆ ತಪ್ಪು ಕಾಣಿಕೆ ಕಟ್ಟಿಡುವ ಪದ್ಧತಿಯಲ್ಲೂ ಇದೇ ತಿಳುವಳಿಕೆ ಇದೆ, ಬರೀ ಬಾಯಿಮಾತಿಗೆ ಅದು ತೀರುವುದಿಲ್ಲ ಎಂದು. ಇನ್ನು ಒಂಟಿಯಾಗಿ ಕೂತು ನೋಯುವುದಕ್ಕೆ ನಮ್ಮಲ್ಲಿ ಬೇರೆಯೇ ಮಾತಿದೆ: ಹಳಹಳಿ. ರಿಗ್ರೆಟ್‌ಗೆ ಇದಕ್ಕಿಂತ ಹತ್ತಿರದ ಕನ್ನಡ ನನಗೆ ಸಿಕ್ಕಿಲ್ಲ. ಆದರೆ 'ನಿಮ್ಮ ಅರ್ಜಿಯನ್ನು ತಿರಸ್ಕರಿಸಲು ಹಳಹಳಿಸುತ್ತೇವೆ' ಎಂದು ಯಾವ ಬ್ಯಾಂಕೂ ಬರೆಯಲಾರದು. ಬರೆದರೆ ಓದಿದವರು ನಕ್ಕಾರು, ಬರೆದವರಿಗೇ ನಾಚಿಕೆಯಾದೀತು.

ಅಹಮದಾಬಾದಿನ ಪಾಲಡಿಯಲ್ಲಿ ನಮ್ಮ ಪಕ್ಕದ ಮನೆಯವರು ಜೈನರು. ಭಾದ್ರಪದದಲ್ಲಿ ಪರ್ಯೂಷಣದ ಎಂಟು ದಿನ ಮುಗಿಸಿ, ಸಂವತ್ಸರಿಯ ಸಂಜೆ ಅವರು ಮನೆಮನೆಗೆ ಬಂದು ಕೈಮುಗಿದು 'ಮಿಚ್ಛಾಮಿ ದುಕ್ಕಡಂ' ಎನ್ನುತ್ತಾರೆ. ಪ್ರಾಕೃತ. ನಾನು ಮಾಡಿದ ಕೆಡುಕು ಸುಳ್ಳಾಗಲಿ, ನಿಷ್ಫಲವಾಗಲಿ ಎಂದು ಅರ್ಥ. ಶ್ರವಣಬೆಳಗೊಳ, ಮೂಡಬಿದಿರೆಯ ದಿಗಂಬರರಲ್ಲಿ ದಶಲಕ್ಷಣದ ಹತ್ತು ದಿನ ಮುಗಿದ ಮೇಲೆ ಕ್ಷಮಾವಣಿ ಇದೆಯಲ್ಲ, ಅದರದೇ ಇನ್ನೊಂದು ರೂಪ. ಆ ಸಣ್ಣ ವಾಕ್ಯವನ್ನು ಬಿಡಿಸಿದರೆ ಕ್ರಿಯಾಪದವೇ ಸಿಗುವುದಿಲ್ಲ: ಮಿಚ್ಛಾ, ಮಿ, ದುಕ್ಕಡಂ. ಆದರೆ ನಡುವಿನ 'ಮಿ' ಅಂದರೆ 'ನನ್ನ'. ಕ್ರಿಯಾಪದವಿಲ್ಲದೆ ಆದೀತು, 'ನನ್ನ' ಎಂಬುದಿಲ್ಲದೆ ಆಗುವುದಿಲ್ಲ.

ಮೊದಲ ವರ್ಷ ನಾನು ಕೇಳಿಯೇಬಿಟ್ಟೆ, 'ನೀವು ನನಗೇನು ಮಾಡಿದ್ದೀರಿ?' ಅವರು ನಕ್ಕರು. 'ಗೊತ್ತಿದ್ದು ಮಾಡಿದ್ದು, ಗೊತ್ತಿಲ್ಲದೆ ಮಾಡಿದ್ದು, ಎರಡೂ ಸೇರಿ.' ಗೊತ್ತಿಲ್ಲದೆ ಮಾಡಿದ್ದಕ್ಕೆ ಸಾರಾಸಗಟು ಕ್ಷಮೆ ಕೇಳುವುದು ಸುಲಭ, ಗೊತ್ತಿದ್ದು ಮಾಡಿದ ಒಂದಕ್ಕೆ ಹೆಸರು ಹಿಡಿದು ಕೇಳುವುದು ಕಷ್ಟ ಎಂದು ಆಗ ನನ್ನ ಮನಸ್ಸಿನಲ್ಲಿ ಬಂತು. ಈಗ ಮೊಬೈಲಿನಲ್ಲಿ ಹೂವಿನ ಚಿತ್ರದ ಮೇಲೆ ಅಚ್ಚಾದ ಮಿಚ್ಛಾಮಿ ದುಕ್ಕಡಂ ಇನ್ನೂರು ಜನರಿಗೆ ಒಟ್ಟಿಗೆ ಹೋಗುತ್ತದೆ, ನನಗೂ ಬರುತ್ತದೆ. ಅದರಲ್ಲಿ ಮತ್ತು ರಬ್ಬರ್ ಸ್ಟಾಂಪಿನಲ್ಲಿ ಹೆಚ್ಚಿನ ಅಂತರ ಕಾಣೆ. ಆದರೆ ಈ ನೆರೆಯವರ ವಿಷಯದಲ್ಲಿ ನನ್ನ ಅನುಮಾನ ಪೂರ್ತಿ ನಿಲ್ಲಲಿಲ್ಲ. ಇವರಿಗೂ ಇವರ ಅಣ್ಣನಿಗೂ ಮಾಣೆಕ್ ಚೌಕಿನ ಅಂಗಡಿಯ ಪಾಲಿನ ಬಗ್ಗೆ ಹಲವು ವರ್ಷಗಳಿಂದ ಕೋರ್ಟಿನಲ್ಲಿ ದಾವೆ ನಡೆದಿದೆ. ಪ್ರತಿ ಸಂವತ್ಸರಿಗೆ ಇವರು ಸ್ಕೂಟರ್ ಹತ್ತಿ ಅಣ್ಣನ ಮನೆಗೆ ಹೋಗುತ್ತಾರೆ, ಕೈಮುಗಿದು ಹೇಳುತ್ತಾರೆ, ಅಣ್ಣನೂ ಹೇಳುತ್ತಾನೆ, ಚಹಾ ಕುಡಿದು ಬರುತ್ತಾರೆ. ಮುಂದಿನ ತಾರೀಖಿಗೆ ಇಬ್ಬರೂ ವಕೀಲರ ಜೊತೆ ಹಾಜರು. ಇದು ನಾಟಕವೋ, ಅಥವಾ ದಾವೆಗಿಂತ ಗಟ್ಟಿಯಾದದ್ದೊಂದು ಏನೋ ಉಳಿದಿದೆಯೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ನಾಟಕ ಎಂದು ಹೇಳಿಬಿಡಲು ಮನಸ್ಸು ಬರುವುದಿಲ್ಲ.

ಪಾಂಡೇಸರಾದ ಮಿಲ್ಲಿನ ಸುದ್ದಿ ಒಂದು ಹೇಳುವುದಿದೆ. ರಜಿಸ್ಟರು ಕಳಿಸಿ ನಾಲ್ಕೋ ಐದೋ ತಿಂಗಳ ಮೇಲೆ ನಮ್ಮ ಪಟಾವಾಳಾ ಹೇಳಿದ, ಆ ರೋಲರಿಗೆ ಕಬ್ಬಿಣದ ಜಾಳಿ ಹಾಕಿದ್ದಾರಂತೆ. ಆ ತಾಯಿಯ ಪತ್ರದಿಂದಲೋ, ಫ್ಯಾಕ್ಟರಿ ಇನ್‌ಸ್ಪೆಕ್ಟರು ಬಂದು ಹೋದದ್ದರಿಂದಲೋ ಯಾರೂ ಹೇಳಲಿಲ್ಲ. ಹಾಕಿದವರು ಯಾರೆಂದೂ ಗೊತ್ತಿಲ್ಲ. ಜಾಳಿ ಹಾಕಲಾಗಿತ್ತು, ಅಷ್ಟೆ. ಅವರು ಊರಿಗೆ ಮರಳುವ ಮುಂಚೆ ಒಮ್ಮೆ ಬಂದಿದ್ದರು. ನಾನು ಈ ಮಾತು ತೆಗೆದಾಗ ಆಕೆ ಅಂದಳು, 'ಪತ್ರಕ್ಕಿಂತಾ ಅದು ಚಲೋ ಆತು ಬಿಡ್ರಿ.' ಪಕ್ಕದಲ್ಲಿ ಕೂತಿದ್ದ ಮಗ ಮಾತ್ರ ಎಡಗೈಯಿಂದ ಬಲಗೈಯ ಬಟ್ಟೆ ಸರಿಮಾಡಿಕೊಳ್ಳುತ್ತ, 'ಬಂದು ಒಂದ್ ಮಾತು ಅನಬೇಕಾಗಿತ್ತು' ಎಂದ. ಅಲ್ಲಿ ಕೂತಾಗ ಇಬ್ಬರ ಮಾತೂ ನನಗೆ ಸರಿಯೆನಿಸಿತು. ಈಗ ಕೇಳಿದರೆ ಹುಡುಗನ ಕಡೆ ಒಂದು ತೂಕ ಹೆಚ್ಚು ಹಾಕುತ್ತೇನೆ. ಜಾಳಿಯಿಂದ ಮುಂದಿನವನ ಕೈ ಉಳಿಯಿತು. ಹೋದ ಕೈ ಇವನದು.

ಈಗ ಗುಜರಾತಿನಲ್ಲಿ ಎಲ್ಲಿ ನೋಡಿದರೂ ಐಇಎಲ್‌ಟಿಎಸ್ ಕ್ಲಾಸುಗಳ ಬೋರ್ಡು. ಪ್ಲಸ್ ಟೂ ಮುಗಿಸಿದ ಮಕ್ಕಳು ಕೆನಡಾ, ಆಸ್ಟ್ರೇಲಿಯಾ ಎಂದು ಹೊರಡುತ್ತಾರೆ. ನಾನು ನಿವೃತ್ತನೆಂದು ಗೊತ್ತಾದಮೇಲೆ ನಮ್ಮ ಸೊಸೈಟಿಯ ಹುಡುಗರು ವ್ಯಾಕರಣ ಕೇಳಲು ಬರುತ್ತಾರೆ. ಹೋದ ವರ್ಷ ಒಬ್ಬ ಬಂದ, ವೀಸಾಕ್ಕೆ ಕಾಯುತ್ತಿದ್ದವನು. ಪುಸ್ತಕದಲ್ಲಿ ಬಿಟ್ಟ ಸ್ಥಳ ತುಂಬುವ ಒಂದು ಪ್ರಶ್ನೆ. ಊರು ಬಿಟ್ಟು ಇಪ್ಪತ್ತು ವರ್ಷವಾದ ಮುದುಕನೊಬ್ಬ 'ಐ ರಿಗ್ರೆಟ್' ಎನ್ನುತ್ತಾನೆ, ಮುಂದೆ 'ಟು ಲೀವ್' ಬರಬೇಕೋ 'ಲೀವಿಂಗ್' ಬರಬೇಕೋ. ಹಿಂದಿನದಕ್ಕೆ 'ಇಂಗ್' ಎಂದು ವಿವರಿಸಿ 'ಲೀವಿಂಗ್' ಎಂದು ಬರೆಸಿದೆ. ಹುಡುಗ ಬರೆದುಕೊಂಡ. ಪೆನ್ನು ಮುಚ್ಚುತ್ತ, 'ಅಂಕಲ್, ಇನ್ನೂ ಹೊರಟೇ ಇಲ್ಲದವನು ಇದನ್ನ ಹೇಗೆ ಬರೀಬೇಕು?' ಎಂದ. ಅಂಥವನಿಗೆ 'ಐ ಆಮ್ ಸಾರಿ ಟು ಲೀವ್' ಸಾಕು, ಪರೀಕ್ಷೆಯಲ್ಲಿ ಅದಕ್ಕೂ ಅಂಕ ಕೊಡುತ್ತಾರೆ ಎಂದೆ. ಆಮೇಲೆ ಅವನು ನನ್ನ ಊರು ಯಾವುದೆಂದು ಕೇಳಿದ. ಧಾರವಾಡ ಎಂದೆ. ಅದು ಮದ್ರಾಸಿನಿಂದ ಎಷ್ಟು ದೂರ ಎಂದು ವಿಚಾರಿಸಿದ.